ಕೆಡಿಸಿ ಕಲಿಯುವ ಅವಕಾಶ ಎಲ್ಲ ಮಕ್ಕಳಿಗೂ ದೊರೆಯಲಿ

ಪದವಿ ತರಗತಿಯಲ್ಲಿ ಗಣಕ ವಿಜ್ಞಾನವನ್ನೋ ಮಾಹಿತಿ ತಂತ್ರಜ್ಞಾನವನ್ನೋ ಆರಿಸಿಕೊಂಡ ಮಕ್ಕಳು ಇಂದು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಅವರ ಶುಲ್ಕಕ್ಕಾಗಿ ಹೆತ್ತವರು ಸಾಲ ಮಾಡುವುದೂ ಉಂಟು. ಕಾಲೇಜನ್ನು ಆರಿಸುವಾಗ ನಾವು ಕಟ್ಟಡವನ್ನು ನೋಡುತ್ತೇವೆ, ಫಲಿತಾಂಶವನ್ನು ವಿಚಾರಿಸುತ್ತೇವೆ, ಉದ್ಯೋಗ ದೊರೆತವರ ಸಂಖ್ಯೆಯನ್ನು ಕೇಳುತ್ತೇವೆ. ಆದರೆ ಪ್ರಯೋಗಾಲಯದಲ್ಲಿ ಮಗನ ಅಥವಾ ಮಗಳ ಕೈಗೆ ನಿಜವಾಗಿ ಏನು ಸಿಗುತ್ತದೆ ಎಂದು ಕೇಳುವವರು ನಮ್ಮಲ್ಲಿ ವಿರಳ.

ಈ ಪ್ರಶ್ನೆಗೆ ಕಾರಣವಿದೆ. ಕಾಲೇಜಿನ ಸಾಮಾನ್ಯ ಪ್ರಯೋಗಾಲಯದಲ್ಲಿ ಒಂದು ಗಣಕಯಂತ್ರವನ್ನು ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಬಳಸಿದರೆ ಮಧ್ಯಾಹ್ನ ಇನ್ನೊಬ್ಬ ಬಳಸುತ್ತಾನೆ. ಮೊದಲಿನವನು ಅದರ ವ್ಯವಸ್ಥೆಯನ್ನು ಕೆಡಿಸಿದರೆ ನಂತರದವನ ಪಾಠ ನಿಲ್ಲುತ್ತದೆ. ಆದ್ದರಿಂದ ಅಧ್ಯಾಪಕರು ಆಡಳಿತದ ಗುಪ್ತಪದವನ್ನು ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ. ಇದು ತಪ್ಪೆಂದು ಹೇಳಲಾಗದು. ಆದರೆ ಮುಂದೆ ಆ ವಿದ್ಯಾರ್ಥಿ ಉದ್ಯೋಗದಲ್ಲಿ ಮಾಡಬೇಕಾದ ಕೆಲಸವೇ ಅದು: ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸುವುದು, ಸರ್ವರನ್ನು ನಡೆಸುವುದು, ಜಾಲವನ್ನು ವಿಭಾಗಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು. ನೀರಿಗಿಳಿಯದೆ ಈಜು ಬಾರದು. ಮನೆಯಲ್ಲಿ ಬೆಲೆಬಾಳುವ ಲ್ಯಾಪ್‌ಟಾಪ್ ಇರುವ ಮಗು ರಾತ್ರಿ ಕುಳಿತು ಇದನ್ನೆಲ್ಲ ಮಾಡಿ ನೋಡುತ್ತದೆ. ಇಲ್ಲದ ಮನೆಯ ಮಗು ಪಠ್ಯಪುಸ್ತಕದ ಚಿತ್ರವನ್ನು ನೋಡಿ ತೃಪ್ತಿಪಡಬೇಕಾಗುತ್ತದೆ. ಒಂದೇ ತರಗತಿಯಲ್ಲಿ ಒಂದೇ ಶುಲ್ಕ ತೆತ್ತ ಇಬ್ಬರ ನಡುವಿನ ಈ ಅಂತರವು ನಮ್ಮನ್ನು ಚಿಂತೆಗೀಡುಮಾಡಬೇಕು.

ಇದಕ್ಕೆ ಪರಿಹಾರವಾಗಿ ಬಳಕೆಯಲ್ಲಿರುವುದೇ ವರ್ಚುವಲೈಸೇಶನ್ ಎಂಬ ವಿಧಾನ. ಹೆಸರು ಕಠಿಣವಾದರೂ ವಿಷಯ ಸರಳ. ನಮ್ಮ ಹಳೆಯ ವಠಾರಗಳನ್ನು ನೆನೆಯೋಣ. ಮಾಡು ಒಂದೇ, ಬಾವಿ ಒಂದೇ. ಆದರೆ ಒಬ್ಬೊಬ್ಬರ ಒಲೆ ಬೇರೆ, ಬಾಗಿಲು ಬೇರೆ. ಹಾಗೆಯೇ ಒಂದು ಬಲಿಷ್ಠ ಗಣಕಯಂತ್ರದೊಳಗೆ ಹೈಪರ್‌ವೈಸರ್ ಎಂಬ ತಂತ್ರಾಂಶವು ಅನೇಕ ವರ್ಚುವಲ್ ಯಂತ್ರಗಳನ್ನು ಸೃಷ್ಟಿಸುತ್ತದೆ. ಪ್ರತಿಯೊಂದೂ ತಾನೇ ಸ್ವತಂತ್ರ ಗಣಕಯಂತ್ರವೆಂಬಂತೆ ವರ್ತಿಸುತ್ತದೆ. ಒಂದು ಕೆಟ್ಟರೆ ಪಕ್ಕದ್ದಕ್ಕೆ ಬಾಧೆಯಿಲ್ಲ.

ಇದು ನಿನ್ನೆ ಮೊನ್ನೆಯ ಆವಿಷ್ಕಾರವಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರವು ಒಂದು ದೊಡ್ಡ ಯಂತ್ರವನ್ನು ಹಲವರು ತಮ್ಮದೆಂಬಂತೆ ಬಳಸುವ ವ್ಯವಸ್ಥೆಯನ್ನು ರೂಪಿಸಿತ್ತು. 1972ರಲ್ಲಿ ಅದು ವಿಎಂ/370 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆಯು ಮರುವರ್ಷವೇ ಇದನ್ನು ಸಾಮಾನ್ಯ ಮೇಜಿನ ಗಣಕಯಂತ್ರಕ್ಕೂ ತಂದಿತು. 2005 ಮತ್ತು 2006ರಲ್ಲಿ ಇಂಟೆಲ್ ಹಾಗೂ ಎಎಂಡಿ ಸಂಸ್ಥೆಗಳು ಇದಕ್ಕೆ ಬೇಕಾದ ಸೌಲಭ್ಯವನ್ನು ಪ್ರೊಸೆಸರಿನೊಳಗೇ ಅಳವಡಿಸಿದವು. 2007ರಲ್ಲಿ ಲಿನಕ್ಸಿನ ತಿರುಳಿಗೇ ಕೆವಿಎಂ ಎಂಬ ಹೈಪರ್‌ವೈಸರ್ ಸೇರಿತು. ಅಲ್ಲಿಂದ ಮುಂದೆ ಈ ವಿದ್ಯೆ ಸಣ್ಣ ಕಾಲೇಜಿನ ಕೈಗೂ ಎಟಕುವಂತಾಯಿತು.

ಹಾಗಾದರೆ ಒಂದು ಕಾಲೇಜು ಇದನ್ನು ಹೇಗೆ ಆರಂಭಿಸಬೇಕು? ಮೊದಲು ಲೆಕ್ಕ ಹಾಕಬೇಕು. ತರಗತಿಯಲ್ಲಿ 30 ವಿದ್ಯಾರ್ಥಿಗಳಿದ್ದು, ಪ್ರತಿಯೊಬ್ಬರಿಗೂ 2 ವರ್ಚುವಲ್ ಯಂತ್ರಗಳು, ಒಂದೊಂದಕ್ಕೆ 2 ಜಿಬಿ ರ್ಯಾಮ್ ಎಂದಿಟ್ಟುಕೊಂಡರೆ ಒಟ್ಟು 120 ಜಿಬಿ ಬೇಕು. ಮೂಲ ಯಂತ್ರದ ಸ್ವಂತ ಬಳಕೆಗೂ ಸ್ವಲ್ಪ ಉಳಿಯಬೇಕಾದುದರಿಂದ 128 ಜಿಬಿ ಇಕ್ಕಟ್ಟಾಗುತ್ತದೆ. 192 ಜಿಬಿ ಇದ್ದರೆ ನೆಮ್ಮದಿ. ಪ್ರೊಸೆಸರಿನ ವಿಷಯದಲ್ಲಿ ಇಷ್ಟು ಬಿಗಿಯಿಲ್ಲ. ಎಲ್ಲರೂ ಏಕಕಾಲಕ್ಕೆ ಅದನ್ನು ಪೂರ್ಣವಾಗಿ ದುಡಿಸಿಕೊಳ್ಳುವುದಿಲ್ಲವಾದ್ದರಿಂದ ಹಂಚಿಕೊಂಡು ಬಳಸಬಹುದು. ಆದರೆ ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ನೆಚ್ಚಿಕೊಳ್ಳುವುದು ಸಲ್ಲದು. ಗಂಟೆ ಬಾರಿಸಿದೊಡನೆ 60 ಯಂತ್ರಗಳು ಒಟ್ಟಿಗೆ ಎಚ್ಚರಗೊಳ್ಳುವಾಗ ಅದು ಸೋತು ನಿಲ್ಲುತ್ತದೆ. ಎಸ್‌ಎಸ್‌ಡಿ ಅವಶ್ಯ.

ಎರಡನೆಯದು ಮಾದರಿ ಯಂತ್ರ. ಅಧ್ಯಾಪಕರು ಒಂದೇ ಒಂದು ಯಂತ್ರವನ್ನು ಎಚ್ಚರದಿಂದ ಸಿದ್ಧಪಡಿಸಿ ಅದನ್ನು ಅಚ್ಚಿನಂತೆ ಇಟ್ಟುಕೊಂಡರೆ ಸಾಕು. ಉಳಿದವು ಅದರ ಪ್ರತಿಗಳು. 20 ಜಿಬಿಯ 60 ಪೂರ್ಣ ಪ್ರತಿಗಳಿಗೆ 1,200 ಜಿಬಿ ಸ್ಥಳ ಬೇಕಾದೀತು. ಬದಲಾಗಿ ಮೂಲಕ್ಕೆ ಜೋಡಿಸಿದ ಪ್ರತಿಗಳನ್ನು ಮಾಡಿದರೆ ಮೂಲವೊಂದನ್ನು ಮತ್ತು ಪ್ರತಿಯೊಬ್ಬರೂ ಮಾಡಿದ ಬದಲಾವಣೆಗಳನ್ನು ಮಾತ್ರ ಉಳಿಸಬೇಕಾಗುತ್ತದೆ. ಪ್ರಯೋಗಕ್ಕೆ ಮೊದಲು ಯಂತ್ರದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಟ್ಟರೆ, ವಿದ್ಯಾರ್ಥಿ ಎಲ್ಲವನ್ನೂ ಅಳಿಸಿಹಾಕಿದರೂ ಅಲ್ಪ ಕಾಲದಲ್ಲಿ ಮೊದಲಿನ ಸ್ಥಿತಿಗೆ ಮರಳಬಹುದು. ಕೆಡಿಸುವ ಭಯವು ಹೀಗೆ ದೂರವಾಗುತ್ತದೆ.

ಮೂರನೆಯದು ಬೇಲಿ. ಜಾಲದ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸರ್ವರನ್ನು ಒಬ್ಬ ವಿದ್ಯಾರ್ಥಿ ಅಭ್ಯಾಸಕ್ಕಾಗಿ ಆರಂಭಿಸಿದನೆನ್ನೋಣ. ಅದು ಕಾಲೇಜಿನ ಜಾಲಕ್ಕೆ ನೇರವಾಗಿ ಸೇರಿಕೊಂಡಿದ್ದರೆ ಕಚೇರಿಯ ಗಣಕಯಂತ್ರಗಳಿಗೂ ತಪ್ಪು ವಿಳಾಸ ಹೋಗಿ ಅಲ್ಲಿನ ಕೆಲಸ ಕೆಡಬಹುದು. ಆದಕಾರಣ ವಿದ್ಯಾರ್ಥಿಗಳ ಯಂತ್ರಗಳಿಗೆ ಪ್ರತ್ಯೇಕ ಒಳಜಾಲ ಇರಲೇಬೇಕು.

ತಂತ್ರಾಂಶದ ಆಯ್ಕೆಯಲ್ಲಿಯೂ ವಿವೇಕ ಬೇಕು. 2023ರ ನವೆಂಬರಿನಲ್ಲಿ ವಿಎಂವೇರ್ ಸಂಸ್ಥೆಯನ್ನು ಬ್ರಾಡ್‌ಕಾಮ್ ಕೊಂಡುಕೊಂಡಿತು. ಮರುತಿಂಗಳೇ, ಒಮ್ಮೆ ಕೊಂಡರೆ ಸದಾಕಾಲ ಬಳಸಬಹುದಾಗಿದ್ದ ಪರವಾನಗಿಗಳ ಮಾರಾಟ ನಿಂತು ಚಂದಾ ಪದ್ಧತಿ ಬಂದಿತು. ಅದರ ಇಎಸ್‌ಎಕ್ಸ್‌ಐ ಹೈಪರ್‌ವೈಸರಿನ ಉಚಿತ ಆವೃತ್ತಿಯು 2024ರ ಆರಂಭದಲ್ಲಿ ನಿಂತು, 2025ರಲ್ಲಿ ಮರಳಿ ದೊರೆಯಿತು. ವ್ಯಾಪಾರಿ ಸಂಸ್ಥೆ ತನ್ನ ನೀತಿಯನ್ನು ಬದಲಿಸುವುದು ಅದರ ಹಕ್ಕು. ಆದರೆ ಅದರೊಂದಿಗೆ ಕಾಲೇಜಿನ ಪಾಠವೂ ಅಲುಗಾಡಬಾರದು. ವಿಯೆನ್ನಾದ ಸಂಸ್ಥೆಯೊಂದು 2008ರಲ್ಲಿ ಹೊರತಂದ ಪ್ರಾಕ್ಸ್‌ಮಾಕ್ಸ್ ವಿಇ ಎಂಬ ಮುಕ್ತ ತಂತ್ರಾಂಶವು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಮೇಲೆ ಹೇಳಿದ ಕೆವಿಎಂ ಅದರ ಆಧಾರ. ಪರವಾನಗಿ ಶುಲ್ಕವಿಲ್ಲ, ತಯಾರಕರ ನೆರವು ಬೇಕೆಂದರೆ ಮಾತ್ರ ಚಂದಾ ತೆರಬೇಕು. ವಿದ್ಯಾರ್ಥಿ ತನ್ನ ಯಂತ್ರವನ್ನು ಬ್ರೌಸರಿನ ಮೂಲಕವೇ ನಡೆಸಬಹುದಾದುದರಿಂದ ಎದುರಿಗಿರುವ ಗಣಕಯಂತ್ರ ಹಳೆಯದಾದರೂ ಅಡ್ಡಿಯಿಲ್ಲ. ಬಡ ವಿದ್ಯಾರ್ಥಿಯ ಪಾಲಿಗೆ ಇದು ಸಣ್ಣ ಮಾತಲ್ಲ.

ಆದರೆ ಯಂತ್ರವನ್ನು ಕೊಂಡು ಉದ್ಘಾಟನೆ ಮಾಡಿದೊಡನೆ ಕೆಲಸ ಮುಗಿಯದು. ಎಲ್ಲರ ಅಭ್ಯಾಸವೂ ಒಂದೇ ಯಂತ್ರವನ್ನು ಅವಲಂಬಿಸಿದಾಗ ಅದು ನಿಂತರೆ ಇಡೀ ತರಗತಿಯೇ ನಿಲ್ಲುತ್ತದೆ. ವಿದ್ಯುತ್ ಕೈಕೊಟ್ಟಾಗ ಕ್ರಮವಾಗಿ ಮುಚ್ಚಲು ಸಮಯ ನೀಡುವ ಯುಪಿಎಸ್ ಬೇಕು. ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿರುವುದರಿಂದ ಅದನ್ನು ಬ್ಯಾಕಪ್ ಎಂದು ಭಾವಿಸಲಾಗದು. ಬ್ಯಾಕಪ್ ಬೇರೆ ಯಂತ್ರದಲ್ಲಿರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಇದನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ ವೇಳಾಪಟ್ಟಿಯಲ್ಲಿ ಸಮಯ ಕೊಡಬೇಕು. ಪೂರ್ಣ ಪಾಠದ ಹೊರೆಯ ಮೇಲೆ ಇದನ್ನೂ ಹೊರಿಸಿದರೆ ಅವರ ಉತ್ಸಾಹವಾದರೂ ಎಷ್ಟು ದಿನ ಉಳಿದೀತು? ವರ್ಚುವಲ್ ಯಂತ್ರವು ಎಲ್ಲವನ್ನೂ ಕಲಿಸದೆಂಬುದೂ ನಿಜ. ತಂತಿ ಜೋಡಿಸುವುದನ್ನು, ಕೆಟ್ಟ ಬಿಡಿಭಾಗವನ್ನು ಬದಲಿಸುವುದನ್ನು ಕೈಯಾರೆ ಮಾಡಿಯೇ ಕಲಿಯಬೇಕು.

ಈ ನಿಟ್ಟಿನಲ್ಲಿ ಹೆತ್ತವರಾದ ನಾವು ಮಾಡಬಹುದಾದುದೂ ಇದೆ. ಶಿಕ್ಷಕ-ರಕ್ಷಕ ಸಭೆಗಳಲ್ಲಿ ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳೋಣ. ನಮ್ಮ ಮಗುವಿಗೆ ತಾನೇ ಆಡಳಿತ ನಡೆಸುವ ಒಂದು ಯಂತ್ರ ದೊರೆಯುತ್ತದೆಯೇ? ಅದು ಕೆಟ್ಟರೆ ಮರಳಿ ಪಡೆಯುವ ವ್ಯವಸ್ಥೆಯಿದೆಯೇ? ಅದನ್ನು ನೋಡಿಕೊಳ್ಳುವವರು ಯಾರು? ತಂತ್ರಜ್ಞಾನ ಕ್ಷೇತ್ರದಲ್ಲಿ ದುಡಿಯುವ ಹಳೆ ವಿದ್ಯಾರ್ಥಿಗಳು ಬೆಂಗಳೂರಿನಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಇದ್ದಾರೆ. ಹಳೆ ವಿದ್ಯಾರ್ಥಿ ಸಂಘಗಳು ಒಂದು ಸರ್ವರಿನ ವೆಚ್ಚವನ್ನು ಭರಿಸಿದರೆ, ಅಥವಾ ಒಬ್ಬ ಅನುಭವಿ ತನ್ನ ರಜೆಯ ಎರಡು ದಿನಗಳನ್ನು ಅಧ್ಯಾಪಕರೊಡನೆ ಕಳೆದರೆ, ಅದರ ಪ್ರಯೋಜನ ಬ್ಯಾಚಿನಿಂದ ಬ್ಯಾಚಿಗೆ ಹರಿದೀತು. ಲ್ಯಾಪ್‌ಟಾಪ್ ಇಲ್ಲದ ಮನೆಯ ಮಗುವೂ ಸಂದರ್ಶನದಲ್ಲಿ ತಲೆಯೆತ್ತಿ, “ಇದನ್ನು ನಾನೇ ಮಾಡಿದ್ದೇನೆ” ಎಂದು ಹೇಳುವಂತಾಗಲಿ.