ಅಪ್ಸರೆ ಸಿಕ್ಕಿದಳು

2017ರಲ್ಲಿ ಹಿರಿಯ ಕಲಾವಿದ ಜತಿನ್ ದಾಸ್ ಅವರ ಕಿವಿಗೆ ಒಂದು ಸುದ್ದಿ ಬಿತ್ತು. 1991ರಲ್ಲಿ ಅವರು ಏರ್ ಇಂಡಿಯಾಕ್ಕೆ ಬರೆದುಕೊಟ್ಟಿದ್ದ ‘ಫ್ಲೈಯಿಂಗ್ ಅಪ್ಸರಾ’ ತೈಲಚಿತ್ರ ಮಾರಾಟಕ್ಕೆ ಬಂದಿದೆ! ಸಂಸ್ಥೆಯ ಸುಪರ್ದಿಯಲ್ಲಿರಬೇಕಾದ ಚಿತ್ರ ಪೇಟೆಗೆ ಬಂದದ್ದು ಹೇಗೆ? ದಾಸ್ ಸುಮ್ಮನೆ ಕೂರಲಿಲ್ಲ. ಏರ್ ಇಂಡಿಯಾಕ್ಕೆ ದೂರು ಕೊಟ್ಟರು, ಪತ್ರಕರ್ತರ ಮುಂದೆ ಹೇಳಿದರು. ಊರಿಗೆಲ್ಲ ಗೊತ್ತಾದ ಮೇಲೆ ಚಿತ್ರ ಸಂಸ್ಥೆಗೆ ವಾಪಸು ಬಂತು. ಅದನ್ನು ಪತ್ತೆ ಮಾಡಿದ್ದು ಸಂಸ್ಥೆಯ ದಾಸ್ತಾನು ಪುಸ್ತಕವಲ್ಲ, ಬರೆದವರೇ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಏರ್ ಇಂಡಿಯಾದ ಚಿತ್ರಗಳು ಎಲ್ಲೆಲ್ಲಿವೆ ಎಂದು ಜನ ಕೇಳತೊಡಗಿದ್ದೂ ಆಗಲೇ.

ಪುತ್ತೂರಿನ ಕೆದಂಬಾಡಿ, ಕುಂಬ್ರ ಕಡೆಯಿಂದ ಗಲ್ಫಿಗೆ ಹೋದವರ ಮನೆಗಳಲ್ಲಿ ಏರ್ ಇಂಡಿಯಾ ಅಂದರೆ ಟಿಕೆಟು, ಲಗೇಜು, ಬಜ್ಪೆ ವಿಮಾನ ನಿಲ್ದಾಣದಲ್ಲಿ ಕಾಯುವ ನೆಂಟರು. ಅದೇ ಸಂಸ್ಥೆ ದೇಶದ ಅತಿ ದೊಡ್ಡ ಕಲಾಸಂಗ್ರಹಗಳಲ್ಲೊಂದನ್ನು ಕಟ್ಟಿತ್ತು ಎಂದರೆ ನಂಬುವುದು ಕಷ್ಟ. ಶುರುವಾದದ್ದು 1956ರಲ್ಲಿ, ಆಗಿನ್ನೂ ಹೆಸರು ಮಾಡಿರದ ಬಿ. ಪ್ರಭಾ ಅವರ ಆರು ಚಿತ್ರಗಳಿಂದ. ವಿದೇಶದ ಬುಕಿಂಗ್ ಆಫೀಸಿಗೆ ಕಾಲಿಟ್ಟವನಿಗೆ ಮೊದಲು ಭಾರತ ಕಾಣಲಿ ಎಂಬ ಆಸೆ ಅದರ ಹಿಂದಿತ್ತು. ಹುಸೇನ್, ರಜಾ, ಗಾಯ್ತೊಂಡೆ ಹೀಗೆ ಪಟ್ಟಿ ಬೆಳೆಯಿತು. ಕೆಲವು ಕಲಾವಿದರಿಗೆ ದುಡ್ಡಿನ ಬದಲು ವಿಮಾನದ ಟಿಕೆಟ್ಟೇ ಸಂಭಾವನೆ. ಪ್ಯಾರಿಸ್, ಲಂಡನ್ನಿನ ಮ್ಯೂಸಿಯಂ ಕಣ್ಣಾರೆ ನೋಡುವ ಹಂಬಲವಿದ್ದವರಿಗೆ ಅದು ಸಣ್ಣದೇನಲ್ಲ.

1967ರಲ್ಲಿ ಏರ್ ಇಂಡಿಯಾ ಸ್ಪೇನಿನ ಕಲಾವಿದ ಸಾಲ್ವಡೋರ್ ಡಾಲಿಯಿಂದ ಒಂದು ಆ್ಯಶ್‌ಟ್ರೇ ಮಾಡಿಸಿತು. ಪಿಂಗಾಣಿಯ ಚಿಪ್ಪು, ಅಂಚಿಗೆ ಸುತ್ತಿಕೊಂಡ ಹಾವು. ಕೆಳಗಿನ ಆಧಾರಗಳಲ್ಲಿ ಆನೆಯ ತಲೆ. ಅದನ್ನೇ ತಲೆಕೆಳಗು ಮಾಡಿದರೆ ಹಂಸ. ಡಾಲಿ 1937ರಲ್ಲೇ ತಮ್ಮ ಚಿತ್ರವೊಂದರಲ್ಲಿ ಹಂಸಗಳ ನೆರಳು ನೀರಿನಲ್ಲಿ ಆನೆಯಾಗಿ ಬಿದ್ದಂತೆ ಬರೆದಿದ್ದರು. ಇಲ್ಲಿ ಆ ಕಲ್ಪನೆ ಕೈಯಲ್ಲಿ ಹಿಡಿದು ತಿರುಗಿಸಬಹುದಾದ ವಸ್ತುವಾಯಿತು. ಪ್ರತಿಫಲವಾಗಿ ಡಾಲಿ ಕೇಳಿದ್ದು ಒಂದು ಆನೆಮರಿಯನ್ನು. ಏರ್ ಇಂಡಿಯಾ ಅದಕ್ಕೂ ಒಪ್ಪಿತು. ಮರಿ ಹೊರಟದ್ದು ನಮ್ಮ ಬೆಂಗಳೂರಿನಿಂದ. ಜಿನೀವಾದವರೆಗೆ ವಿಮಾನ, ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕಡಲತೀರದ ಕಡಕೇಸ್‌ಗೆ. ಆ ಪ್ರಾಣಿಯ ಪಾಡು ನೆನೆದರೆ ಇಂದು ಕರುಳು ಚುರುಕ್ ಎನ್ನುತ್ತದೆ.

ನನಗೆ ಇವೆಲ್ಲಕ್ಕಿಂತ ಹತ್ತಿರದವರು ಕೆ. ಕೆ. ಹೆಬ್ಬಾರರು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳಗಿದವರು. ಅವರ ಚಿತ್ರಗಳೂ ಈ ಸಂಗ್ರಹದಲ್ಲಿವೆ. ತುಳುನಾಡಿನ ಮಣ್ಣು, ಕುಣಿತ, ಜನ ಎಲ್ಲವನ್ನೂ ಗೆರೆಗೆ ಇಳಿಸಿದ ಕೈ ಅದು.

2022ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನಗಳು ಟಾಟಾದವರ ಪಾಲಾದವು. ನಾಲ್ಕು ಸಾವಿರಕ್ಕೂ ಹೆಚ್ಚು ಕೃತಿಗಳ ಸಂಗ್ರಹ ಮಾತ್ರ ಸರಕಾರದ ಬಳಿಯೇ ಉಳಿಯಿತು. 2023ರಲ್ಲಿ ಅದನ್ನು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸುವ ಒಪ್ಪಂದವಾಯಿತು. ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ ಅದರ ಶಾಖೆ 2009ರಿಂದ ಇದೆ. ಹೆಬ್ಬಾರರ ಚಿತ್ರಗಳನ್ನು ಮೊದಲು ಅಲ್ಲಿ ತೂಗುಹಾಕಲಿ, ಆಮೇಲೆ ಘಟ್ಟ ಇಳಿಸಿ ಮಂಗಳೂರಿಗೂ ತರಲಿ. ಪುತ್ತೂರಿನಿಂದ ಬಸ್ಸು ಹತ್ತಿದ ಶಾಲೆಯ ಮಕ್ಕಳು ನೋಡಿ ಸಂಜೆಯೊಳಗೆ ಮನೆ ಸೇರುವಷ್ಟು ಹತ್ತಿರದಲ್ಲಿ ಅವು ಇರಬೇಕು.