ನೀರಿಗೆ ಒಂದೇಟೂ ಹಾಕದವರು

ಹೊತ್ತೇರಿದರೂ ಹಾಸಿಗೆ ಬಿಡದ ಮಗನನ್ನು ಸ್ಪ್ಯಾನಿಷ್ ಮಾತಾಡುವ ತಾಯಿ ‘ಸಾಂಗನೊ’ ಎಂದು ಗದರಿಸಬಹುದು. ಅದು ಗಂಡುಜೇನಿನ ಹೆಸರು. ಮಕರಂದ ತರದೆ, ಹೆಣ್ಣುಜೇನುಗಳು ಕೂಡಿಟ್ಟದ್ದನ್ನು ತಿಂದು ಬದುಕುವ ಜೀವ ಅದು. ಮೆಕ್ಸಿಕೊದ ತಾಯಿಯಾದರೆ ‘ಫ್ಲೋಹೊ’ ಎಂದಾಳು. ಸಡಿಲವಾದ ಹಗ್ಗಕ್ಕೂ ಮೈಗಳ್ಳನಿಗೂ ಅದೊಂದೇ ಪದ. ಸ್ಪೇನಿನಲ್ಲಿ ‘ನೀರಿಗೆ ಒಂದೇಟೂ ಹಾಕದವ’ ಎಂಬ ಮಾತುಂಟು. ಉಳಿದವರು ಹುಟ್ಟು ಹಾಕುವಾಗ ದೋಣಿಯಲ್ಲಿ ಸುಮ್ಮನೆ ಕೂತವನ ಚಿತ್ರವದು ಎನ್ನುತ್ತಾರೆ. ಇವೆಲ್ಲ ಬೈಗುಳಕ್ಕಿಂತ ಹೆಚ್ಚಾಗಿ ಗೇಲಿ. ಕೇಳಿದವನೂ ನಕ್ಕು ಮಗ್ಗುಲು ಬದಲಿಸುತ್ತಾನೆ.

‘ಬಾಗೊ’ ಎಂಬ ಪದದ ಕತೆ ಮಾತ್ರ ಅಷ್ಟು ಹಗುರವಲ್ಲ. ಅದರಲ್ಲಿ ಎರಡು ಲ್ಯಾಟಿನ್ ಬೇರುಗಳು ಬೆರೆತಿವೆ. ಒಂದರ ಅರ್ಥ ಬರಿದು, ಇನ್ನೊಂದರದು ಅಲೆಯುವವ. ಕೆಲಸವಿಲ್ಲದವನೂ ನೆಲೆಯಿಲ್ಲದವನೂ ಹೀಗೆ ಒಂದೇ ಹೆಸರಿಗೆ ಸಿಕ್ಕಿಬಿದ್ದರು. 1933ರಲ್ಲಿ ಸ್ಪೇನಿನ ಗಣರಾಜ್ಯ ‘ಬಾಗೊ’ಗಳ ಮೇಲೆ ಕಾನೂನನ್ನೇ ತಂದಿತು. ಅಪರಾಧ ನಡೆದಿರಬೇಕಿಲ್ಲ, ರೂಢಿಯ ಸೋಮಾರಿ ಎಂದು ನ್ಯಾಯಾಧೀಶರು ತೀರ್ಮಾನಿಸಿದರೆ ದುಡಿಮೆಯ ಶಿಬಿರಕ್ಕೆ ಅಟ್ಟಬಹುದಿತ್ತು.

ಸರಿಯಾಗಿ ನೂರು ವರ್ಷ ಹಿಂದೆ, 1833ರಲ್ಲಿ, ಮ್ಯಾಡ್ರಿಡ್‌ನ ಪತ್ರಕರ್ತ ಲಾರಾ ‘ನಾಳೆ ಬನ್ನಿ’ ಎಂಬ ಲೇಖನ ಬರೆದಿದ್ದ. ಹದಿನೈದು ದಿನದ ಕೆಲಸಕ್ಕೆಂದು ಬಂದ ವಿದೇಶಿಯೊಬ್ಬ ಆರು ತಿಂಗಳು ಕಚೇರಿಗಳಿಗೆ ಅಲೆದು ಬರಿಗೈಲಿ ಮರಳುವ ಕತೆ. ಸಂಬಳ ಎಣಿಸುತ್ತ ನಾಳೆ ಬಾ ಎನ್ನುವ ಆ ಗುಮಾಸ್ತನನ್ನು ಈ ಕಾನೂನು ಹುಡುಕಿದ್ದಲ್ಲ. ಹುಡುಕಿದ್ದು ಬದುಕುವ ದಾರಿ ತೋರಿಸಲಾಗದ ಬಡವನನ್ನು, ಭಿಕ್ಷುಕನನ್ನು. 1954ರಲ್ಲಿ ಫ್ರಾಂಕೊ ಸರ್ಕಾರ ಸಲಿಂಗಕಾಮಿಗಳನ್ನೂ ಅದೇ ಪಟ್ಟಿಗೆ ಸೇರಿಸಿತು. 1970ರಲ್ಲಿ ಕಾನೂನಿನ ಹೆಸರು ಬದಲಾಯಿತು, ಪಟ್ಟಿಯಲ್ಲಿ ‘ಬಾಗೊ’ ಉಳಿದ. ಅದು ಪೂರ್ತಿ ರದ್ದಾದದ್ದು 1995ರಲ್ಲಿ.