ಫೋನ್ ಲಕೋಟೆಯಲ್ಲಿ, ನಕ್ಷೆ ಕೈಯಲ್ಲಿ

"ಮಾಮ, ಗೂಗಲ್ ಮ್ಯಾಪ್ ನೋಡ್ಲಿಕ್ಕೆ ಇಲ್ವಂತೆ. ಫೋನನ್ನು ಲಕೋಟೆಗೆ ಹಾಕಿ ಅಂಟಿಸ್ತಾರಂತೆ."

ಅಕ್ಕನ ಮಗ ಇದನ್ನು ಹೇಳಿದ್ದು ಹೊರಡುವ ಹಿಂದಿನ ರಾತ್ರಿ, ಶಾರ್ಜಾದ ನಮ್ಮ ಬಿಲ್ಡಿಂಗಿನ ಕೆಳಗೆ ಗೆಳೆಯನ ಪಿಕಪ್‌ಗೆ ಎರಡು ಬಾಡಿಗೆ ಸೈಕಲ್ ಏರಿಸುವಾಗ. ಅವನಿಗೆ 24, ನನಗೆ 47. ಸೂಪರ್ ಮಾರ್ಕೆಟಿನಲ್ಲಿ ನಿಂತೇ 19 ವರ್ಷ ಕಳೆದವನು ನಾನು. ಓಡಿದ್ದೆಂದರೆ ಬಸ್ಸಿನ ಹಿಂದೆ ಮಾತ್ರ. ಆದರೂ ಅಡ್ವೆಂಚರ್ ರೇಸಿಗೆ ಹೆಸರು ಕೊಟ್ಟಾಗಿತ್ತು. ಇಬ್ಬರ ತಂಡ, ಹೊಸಬರ ವಿಭಾಗ, ನಾಲ್ಕು ಗಂಟೆಯ ಆಟ.

ಅಡ್ವೆಂಚರ್ ರೇಸ್ ಎಂದರೆ ಹಲವರಿಗೆ ಟಿವಿಯಲ್ಲಿ ನೋಡಿದ ಸಾಹಸ ನೆನಪಾಗುತ್ತದೆ: ದಿನಗಟ್ಟಲೆ ಕಾಡು, ಹಗ್ಗ, ದೋಣಿ, ನಿದ್ದೆ ಇಲ್ಲ. 1989ರಲ್ಲಿ ಫ್ರಾನ್ಸಿನ ಪತ್ರಕರ್ತ ಜೆರಾರ್ ಫ್ಯುಸಿಲ್ ನ್ಯೂಜಿಲೆಂಡಿನಲ್ಲಿ ನಡೆಸಿದ 'ರೇಡ್ ಗೋಲ್ವಾಜ್' ಅಂಥದ್ದೇ. 1995ರಲ್ಲಿ ಅಮೆರಿಕದಲ್ಲಿ ಶುರುವಾದ 'ಇಕೋ ಚಾಲೆಂಜ್' ಅದನ್ನು ಮನೆಮನೆಯ ಟಿವಿಗೆ ತಂದಿತು. ಆದರೆ ಅದರ ಮರಿಯೊಂದು ಉಂಟು. ಮೂರೋ ಐದೋ ಗಂಟೆಯಲ್ಲಿ ಮುಗಿಯುತ್ತದೆ; ಸೈಕಲ್, ಗುಡ್ಡದ ಓಟ, ನಕ್ಷೆ ಇಷ್ಟೇ. ಬ್ರಿಟನ್ನಿನಲ್ಲಿ 'ಓಪನ್ 5' ಎಂಬ ಹೆಸರಿನಲ್ಲಿ ನಡೆದಿರುವುದು ಐದು ಗಂಟೆಯ ಇಂಥದ್ದೇ ಸ್ಪರ್ಧೆ. ನಮ್ಮ ದೇಶದಲ್ಲಿ ಪುಣೆ ಸುತ್ತಲಿನ ಸಹ್ಯಾದ್ರಿಯಲ್ಲಿ ಮೂವರ ತಂಡಗಳಿಗಾಗಿ 'ಎಂಡ್ಯೂರೋ-3' ನಡೆದಿದೆ. ಅದು ಸ್ವಲ್ಪ ದೊಡ್ಡದು.

ನಾವು ಹೋದದ್ದು ಹತ್ತಾಕ್ಕೆ. ದುಬೈಗೆ ಸೇರಿದ, ಒಮಾನ್ ಗಡಿಗೆ ತಾಗಿಕೊಂಡ ಹಜರ್ ಬೆಟ್ಟದ ಊರು. ಅಲ್ಲಿ ಮೌಂಟನ್ ಬೈಕಿಗೆಂದೇ ಮಾಡಿದ ದಾರಿಗಳಿವೆ: ಹಸಿರು ಸುಲಭ, ನೀಲಿ ಸಾಧಾರಣ, ಕೆಂಪು ಕಷ್ಟ, ಕಪ್ಪು ಕೇಳಲೇಬೇಡಿ. ಹೆಸರೇ ಹತ್ತಾ. ಇಳಿಯುವುದಕ್ಕಿಂತ ಹತ್ತುವುದೇ ಹೆಚ್ಚು.

ಹೊರಡುವ ಅರ್ಧ ಗಂಟೆ ಮೊದಲು ನಕ್ಷೆ ಕೈಗೆ ಬಂತು. ಅಳತೆ 1:25,000, ಅಂದರೆ ನಕ್ಷೆಯ ನಾಲ್ಕು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಕೆಂಪು ವೃತ್ತ ಹಾಕಿದ ಕಡೆಯೆಲ್ಲ ಚೆಕ್‌ಪಾಯಿಂಟ್. ಹೋಗಿ ನೋಡಿದರೆ ಕಿತ್ತಳೆ ಮತ್ತು ಬಿಳಿ ಬಣ್ಣದ ಬಟ್ಟೆ ತೂಗುತ್ತಿರುತ್ತದೆ. ಪಕ್ಕದಲ್ಲಿರುವ ಪಂಚ್‌ನಿಂದ ನಮ್ಮ ಕಾರ್ಡಿಗೆ ತೂತು ಹೊಡೆಯಬೇಕು. ಹತ್ತಿರದ್ದಕ್ಕೆ 10 ಅಂಕ, ದೂರದ್ದಕ್ಕೆ 30. ಎಲ್ಲವನ್ನೂ ಮುಟ್ಟಬೇಕೆಂದಿಲ್ಲ, ಯಾವುದನ್ನು ಬಿಡಬೇಕೆಂದು ನಾವೇ ತೀರ್ಮಾನಿಸಬೇಕು. ತಡವಾಗಿ ಬಂದರೆ ಮಾತ್ರ ನಿಮಿಷಕ್ಕಿಷ್ಟು ಅಂತ ಅಂಕ ಕಡಿತ. ಹೊಸಬರಿಗೆ ಇದು ಒಳ್ಳೆಯದು. ಜೋರಾಗಿ ಓಡುವವನು ಹೆಚ್ಚು ಮುಟ್ಟುತ್ತಾನೆ, ನಿಧಾನದವನು ಕಡಿಮೆ ಮುಟ್ಟುತ್ತಾನೆ, ಊಟಕ್ಕೆ ಇಬ್ಬರೂ ಒಟ್ಟಿಗೇ ಕೂರುತ್ತಾರೆ.

ಸೈಕಲ್ ಭಾಗ ಚೆನ್ನಾಗಿಯೇ ಮುಗಿಯಿತು. ನಾಲ್ಕು ಪಾಯಿಂಟ್. ಹಸಿರು ದಾರಿಯಲ್ಲೂ ನಾನು ಎರಡು ಸಲ ಬಿದ್ದೆ, ಅದು ಬೇರೆ ವಿಷಯ.

ಓಟಕ್ಕೆ ಇಳಿದಾಗ ನಕ್ಷೆ ನನ್ನ ಕೈಯಲ್ಲಿತ್ತು. ಹುಡುಗ ಮುಂದೆ, ನಾನು ಹಿಂದೆ. 30 ಅಂಕದ ಪಾಯಿಂಟಿಗೆ ಒಂದು ವಾದಿಯ ಒಳಗೆ ಹೋಗಬೇಕಿತ್ತು. ವಾದಿ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಹೊಳೆ. ಅವನು ಕಂಡ ಮೊದಲ ವಾದಿಗೆ ನುಗ್ಗಿದ. ಇದಲ್ಲ, ಇದರ ಆಚೆಯದ್ದು ಎಂದು ಕೂಗಲು ನನ್ನಲ್ಲಿ ಉಸಿರಿರಲಿಲ್ಲ. ಇರಲಿ, ಅವನಿಗೆ ಗೊತ್ತಿರಬಹುದು ಅಂದುಕೊಂಡೆ. ಅಕ್ಕಪಕ್ಕ ಒಂದೇ ತರಹದ ಎರಡು ಕಣಿವೆ ಇದ್ದಾಗ ಒಂದನ್ನು ಇನ್ನೊಂದೆಂದು ತಿಳಿಯುವುದು ಈ ಆಟದಲ್ಲಿ ಪಳಗಿದವರೂ ಮಾಡುವ ತಪ್ಪಂತೆ. ನಾವು ತಪ್ಪಿದ್ದು ಮಾತ್ರ ಗೊತ್ತಿಲ್ಲದೆ ಅಲ್ಲ, ಬಾಯಿ ಬಿಡದೆ.

ಇಪ್ಪತ್ತು ನಿಮಿಷ ಕಳೆಯಿತು. ನಕ್ಷೆಯಲ್ಲಿ ಬಲಗಡೆ ಕಾಂಟೂರ್ ಗೆರೆಗಳು ಒತ್ತೊತ್ತಾಗಿದ್ದವು, ಅಂದರೆ ಗೋಡೆಯಂಥ ಬೆಟ್ಟ ಇರಬೇಕು. ನೋಡಿದರೆ ಬಲಗಡೆ ಆಡು ಮೇಯುವ ಇಳಿಜಾರು. ದಿಕ್ಸೂಚಿ ಇಟ್ಟು ನೋಡಿದೆ. ಉತ್ತರಕ್ಕೆ ಹೋಗಬೇಕಾದ ವಾದಿ ಪೂರ್ವಕ್ಕೆ ವಾಲಿತ್ತು. ಆಗ ಕೈ ನಡುಗಲು ಶುರುವಾಯಿತು. ತಣ್ಣನೆಯ ಬೆವರು, ಕಣ್ಣ ಮುಂದೆ ಮಂಜು.

ನಾನು ಸಕ್ಕರೆ ಕಾಯಿಲೆಯವನು ಎಂದು ಹುಡುಗನಿಗೆ ಗೊತ್ತಿರಲಿಲ್ಲ. ಹೇಳಿದ್ದರೆ ಐದೇ ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಊರಿಗೆ ಮುಟ್ಟಿ, ಉಮ್ಮನ ಫೋನ್ ಬಂದು, ರೇಸ್ ಅಲ್ಲಿಗೇ ಮುಗಿಯುತ್ತಿತ್ತು. ಬೆಳಿಗ್ಗೆ ಮಾತ್ರೆ ನುಂಗಿದ್ದೆ, ಗಡಿಬಿಡಿಯಲ್ಲಿ ತಿಂದದ್ದು ಅರ್ಧ ಖುಬ್ಬೂಸ್. ಕಲ್ಲಿನ ಮೇಲೆ ಕುಳಿತು ಹೇಳಿದೆ, "ಮೋನೇ, ನನಗೆ ಶುಗರ್ ಉಂಟು. ಈಗ ಇಳಿದಿದೆ."

ಅವನು ಬಯ್ಯಲಿಲ್ಲ. ಚೀಲದಿಂದ ಜ್ಯೂಸ್ ಪ್ಯಾಕೆಟ್ ತೆಗೆದು ಚುಚ್ಚಿ ಕೊಟ್ಟ. ಆಮೇಲೆ ಖರ್ಜೂರ. ಕುಡಿದು ಕಾಲು ಗಂಟೆ ಅಲ್ಲೇ ಕುಳಿತೆವು. ಅದೇ ಸರಿ ಎಂದು ನಂತರ ಡಾಕ್ಟರ್ ಹೇಳಿದರು: ಬೇಗ ರಕ್ತಕ್ಕೆ ಸೇರುವ ಸಕ್ಕರೆ 15 ಗ್ರಾಂ, 15 ನಿಮಿಷ ಕಾಯುವುದು, ಸರಿಯಾಗದಿದ್ದರೆ ಮತ್ತೆ ಅಷ್ಟೇ. ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಇಂಥದ್ದಕ್ಕೆ ಹೋಗುವ ಮೊದಲೇ ಡಾಕ್ಟರನ್ನು ಕೇಳಬೇಕು. ನಾನು ಕೇಳಿದ್ದು ಆಮೇಲೆ. ಬೈಗುಳವನ್ನೂ ಅವರಿಂದಲೇ ತಿಂದೆ.

ಸೀಟಿ ನಮ್ಮ ಕೊರಳಲ್ಲೇ ಇತ್ತು. ಒಂದು ನಿಮಿಷದಲ್ಲಿ ಆರು ಸಲ ಊದಿದರೆ ಸಹಾಯ ಬೇಕೆಂದು ಅರ್ಥ. ಊದುವ ಅಗತ್ಯ ಬೀಳಲಿಲ್ಲ. ಲಕೋಟೆಯಲ್ಲಿದ್ದ ಫೋನೂ ತೀರಾ ತುರ್ತಿಗೆ ಹರಿಯಲೆಂದೇ ಕೊಟ್ಟದ್ದು, ಆದರೆ ಆ ಕಣಿವೆಯಲ್ಲಿ ಸಿಗ್ನಲ್ ಸಿಗುತ್ತಿತ್ತೋ ಇಲ್ಲವೋ.

ನಾನು ಎದ್ದು ನಿಂತಾಗ ಉಳಿದದ್ದು 40 ನಿಮಿಷ. 30 ಅಂಕದ ಪಾಯಿಂಟ್ ಗುಡ್ಡದ ಆಚೆ ಬದಿಯಲ್ಲೇ ಇತ್ತು. ಅವನೊಬ್ಬನೇ ಆದರೆ ಹತ್ತು ನಿಮಿಷಕ್ಕೆ ಹೋಗಿ ಬರುತ್ತಿದ್ದ. ಆದರೆ ತಂಡದವರು ಒಟ್ಟಿಗೇ ಇರಬೇಕೆಂಬ ನಿಯಮ ಉಂಟು. ಅವನು ಒಮ್ಮೆ ಗುಡ್ಡ ನೋಡಿದ, ಒಮ್ಮೆ ನನ್ನನ್ನು. "ಹಿಂದೆ ಹೋಗುವ ಮಾಮ. ನೀವು ಮುಂದೆ ನಡೀರಿ, ನಕ್ಷೆ ನೋಡಿ ಹೇಳ್ತಾ ಇರಿ."

ಹಿಂತಿರುಗುವಾಗ ವಾದಿಯ ದಂಡೆ ಬಿಡಲಿಲ್ಲ. ಉದ್ದಕ್ಕೂ ಸಾಗುವ ಒಂದು ಗುರುತನ್ನು, ಹೊಳೆಯೋ ಬೇಲಿಯೋ ರಸ್ತೆಯೋ, ಕೈಗಂಬಿಯ ಹಾಗೆ ಹಿಡಿದು ನಡೆಯುವುದು ಈ ವಿದ್ಯೆಯ ಮೊದಲ ಪಾಠ. ಸ್ವೀಡನ್ನಿನಲ್ಲಿ ಎರ್ನ್ಸ್ಟ್ ಕಿಲ್ಲಾಂಡರ್ ಎಂಬ ಸ್ಕೌಟ್ ಮುಖಂಡ 1919ರಲ್ಲಿ ಹುಡುಗರ ಕೈಗೆ ನಕ್ಷೆ ಕೊಟ್ಟು ಕಾಡಿಗೆ ಓಡಿಸಿದಲ್ಲಿಂದ ಓರಿಯೆಂಟೀರಿಂಗ್ ದೊಡ್ಡ ಆಟವಾಗಿ ಬೆಳೆಯಿತು. ನನಗೆ ಮಾತ್ರ ಆಗ ನೆನಪಾದದ್ದು ನನ್ನ ಅಜ್ಜ. ಒಣಮೀನಿನ ಹೊರೆ ಹೊತ್ತು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದ ಕಡೆ ಹೋಗುತ್ತಿದ್ದವರು. ಬರುವಾಗ ಕತ್ತಲಾದರೆ ಮೃತ್ಯುಂಜಯ ಹೊಳೆಯ ಸದ್ದು ಕಿವಿಯಲ್ಲಿಟ್ಟುಕೊಂಡು ಇಳಿದರಾಯ್ತು ಅನ್ನುತ್ತಿದ್ದರು. ಅವರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ.

ಆರು ನಿಮಿಷ ತಡವಾಗಿ ಮುಟ್ಟಿದೆವು. ನಮ್ಮ ಸ್ಥಾನ ಹುಡುಕಲು ಪಟ್ಟಿಯನ್ನು ಕೆಳಗಿನಿಂದ ನೋಡುವುದೇ ಸುಲಭವಿತ್ತು.

ನೋಡುವ ಆಸೆ ಇರುವವರಿಗೆ ಎರಡು ಮಾತು. ದುಬಾರಿ ಸೈಕಲ್ ಬೇಡ, ಬಾಡಿಗೆಯದ್ದು ಸಾಕು. ಹೆಲ್ಮೆಟ್ ಇಲ್ಲದೆ ಬಿಡುವುದಿಲ್ಲ. ಓಟಕ್ಕಿಂತ ಮೊದಲು ನಕ್ಷೆ ಕಲಿಯಿರಿ. ಊರಿನಲ್ಲಿರುವವರಿಗೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳು 2017ರಿಂದ ಪುಕ್ಕಟೆಯಾಗಿ ಸಿಗುತ್ತವೆ. ಆಗ ತೆರೆದ ಪೋರ್ಟಲ್ಲಿನ ಹೆಸರೇ 'ನಕ್ಷೆ' ಎಂದಿತ್ತು. ಘಟ್ಟದ ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಭ್ಯಾಸಕ್ಕೆ ಮನೆ ಹಿಂದಿನ ಗುಡ್ಡ ಸಾಕು.

ಆ ನಕ್ಷೆ ಈಗ ನಮ್ಮ ರೂಮಿನ ಬಾಗಿಲ ಹಿಂದೆ ಅಂಟಿಕೊಂಡಿದೆ. ತಪ್ಪಿದ ವಾದಿಯ ಮೇಲೆ ಹುಡುಗ ಪೆನ್ನಿನಲ್ಲಿ 'ಜ್ಯೂಸ್' ಎಂದು ಬರೆದಿದ್ದಾನೆ. ಶುಗರಿನ ವಿಷಯ ಅವನು ಊರಿಗೆ ಹೇಳಿಲ್ಲ. ಉಮ್ಮನಿಗೆ ಕಳೆದ ವಾರ ನಾನೇ ಫೋನ್ ಮಾಡಿ ಹೇಳಿದೆ.